ಡಾಕ್ಟರೇಟ್ ಮಾರುವವರಿಗೆ

ಸ್ವಾಮಿ,

ನಿಮಗೆ ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ನೀವು ಮಾರಿದ ಡಾಕ್ಟರೇಟ್ ಹಿಡಿದು ಮೊನ್ನೆ ಮೇಷ್ಟ್ರ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಪ್ರಬಂಧ ನನಗೊಬ್ಬನಿಗೇ ಬರೆಸಿದ್ದು ಎಂದು ಆಣೆ ಮಾಡಿದ್ದಿರಲ್ಲ? ಹೆಡ್‌ಮಾಸ್ಟರು ಮೊದಲ ಪುಟ ನೋಡಿದವರೇ ಎದ್ದು ಬಾಗಿಲು ಹಾಕಿ, ಕಪಾಟಿನಿಂದ ತಮ್ಮ ಪ್ರಬಂಧ ತೆಗೆದರು. ಎರಡೂ ಒಂದೇ. "ಅಗಲಿದ ನನ್ನ ಅಜ್ಜಿಗೆ" ಎಂಬ ಅರ್ಪಣೆಯೂ ಅದೇ. ನನ್ನ ಅಜ್ಜಿ ಇನ್ನೂ ಗುಂಡುಕಲ್ಲಿನ ಹಾಗಿದ್ದಾಳೆ.

"ಹೆದರ್ಬೇಡಿ, ಇಲ್ಲಿರೋರೆಲ್ಲ ಅವರ ಗಿರಾಕಿಗಳೇ. ಸೋಮವಾರ ಬಂದು ಸೇರ್ಕೊಳ್ಳಿ," ಎಂದರು.

ಕೆಲಸ ಸಿಕ್ಕಿತಲ್ಲ, ಇನ್ನೇನು ರಗಳೆ ಎನ್ನಬೇಡಿ. ನನ್ನ ಮಗಳು ಓದುತ್ತಿರುವುದು ಅದೇ ಶಾಲೆಯಲ್ಲಿ. ಏಳನೇ ತರಗತಿಗೆ ಬಂದರೂ ಭಾಗಾಕಾರ ಅವಳ ತಲೆಗೆ ಯಾಕೆ ಹತ್ತಿಲ್ಲವೆಂದು ಈಗ ಗೊತ್ತಾಯಿತು.

ನಿಮ್ಮ ಗಿರಾಕಿಗಳಿಲ್ಲದ ಶಾಲೆ ಯಾವುದಾದರೂ ಉಳಿದಿದ್ದರೆ ಕೂಡಲೇ ತಿಳಿಸಿ. ಮೊದಲು ಅವಳನ್ನು ಅಲ್ಲಿಗೆ ಸೇರಿಸಿ, ಆಮೇಲೆ ನಾನು ಇಲ್ಲಿ ಪಾಠಕ್ಕೆ ನಿಲ್ಲುತ್ತೇನೆ.

ಇತಿ,
ನಿಮ್ಮಿಂದಲೇ ಡಾಕ್ಟರಾದವನು