ನಿನ್ನ ಕಡತ ನನ್ನ ಮೇಜಿಗೆ ಬಂದಾಗ

ಮನೆಯಿಂದ,
ಜೂನ್ ೧೨, ಶನಿವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಜೈಲಿನ ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಡಬ್ಬಿಯನ್ನು ದಿಂಬಿನ ಕೆಳಗಿಟ್ಟು ತಾನಾಗಿ ವಾಸಿಯಾಗಲೆಂದು ಕಾಯುತ್ತಿದ್ದೀಯೋ? ನಿನಗಿಂತ ಮೊದಲು ಈ ಪತ್ರ ಓದುವ ಅಲ್ಲಿಯ ಸಾಹೇಬರಿಗೂ ನಮಸ್ಕಾರ. ನನ್ನದು ಕೋಳಿಕಾಲಿನ ಅಕ್ಷರ, ಕ್ಷಮಿಸಬೇಕು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಗಳಿಗೆ ಎಂಟು ತುಂಬಿತು. ಮುಂದಿನ ಹಲ್ಲು ಬಿದ್ದಿದೆ, ಬಾಯಿ ಮಾತ್ರ ಜೋರಾಗಿದೆ. "ಮಾಮ ಯಾವಾಗ ಬರ್ತಾನೆ?" ಎಂದು ವಾರಕ್ಕೊಮ್ಮೆ ಕೇಳುತ್ತಾಳೆ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತೇನೆ.

ಇದು ನಾಲ್ಕನೆಯ ಹಾಳೆ, ಮೂರನ್ನು ಹರಿದುಹಾಕಿದೆ. ಎರಡು ಸಾಲು ಬರೆಯುವುದು, ಗ್ಯಾಸ್ ಆರಿಸಿದ್ದೇನೆಯೇ ಎಂದು ಎದ್ದು ನೋಡುವುದು, ಮತ್ತೆ ಬಂದು ಕೂರುವುದು. ಬಿಡುಗಡೆಯಾದ ಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲಿರಲು ನೀನು ಕಳಿಸಿದ ಒಪ್ಪಿಗೆ ಪತ್ರ ಎದುರಿಗೇ ಇದೆ. ಸುಳ್ಳು ಯಾಕೆ ಹೇಳಲಿ, ಸೋಮವಾರ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳನ್ನು ಸಾಲಾಗಿಟ್ಟು ನನಗೆ ಭಾಗಾಕಾರ ಕಲಿಸಿದವನು ನೀನು. ನೀನಿಲ್ಲದಿದ್ದರೆ ನಾನು ಲೆಕ್ಕದಲ್ಲಿ ಪಾಸಾಗುತ್ತಿರಲಿಲ್ಲ, ಈ ಕೆಲಸಕ್ಕೂ ಸೇರುತ್ತಿರಲಿಲ್ಲ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು, ಆದರೆ ನಾವು ಒಂದು ದಿನವೂ ಅದರ ಬಗ್ಗೆ ಮಾತಾಡಿಲ್ಲ. ಮಕ್ಕಳನ್ನು ಹಿಂಸಿಸಿ ತೆಗೆದ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಕೂಡಿಟ್ಟು, ಹಂಚಿ ಶಿಕ್ಷೆಗೊಳಗಾದವರ ಕಡತಗಳನ್ನು ಓದುತ್ತೇವೆ. ಹೊರಗೆ ಹೋದ ಮೇಲೆ ಯಾರು ಮತ್ತೆ ಅದೇ ದಾರಿ ಹಿಡಿಯಬಹುದು ಎಂದು ಅಂಕ ಹಾಕುತ್ತೇವೆ. ಐದು ವರ್ಷ ಬಿಟ್ಟು ನಮ್ಮ ಅಂದಾಜು ನಿಜವಾಯಿತೇ ಎಂದು ನೋಡುತ್ತೇವೆ. ಒಂದೇ ಕಡತವನ್ನು ಇಬ್ಬರು ಓದಬೇಕು, ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯಬಾರದು. ಹೆಸರು, ಊರು ಎಲ್ಲಕ್ಕೂ ಗುಮಾಸ್ತರು ಕಪ್ಪು ಮಸಿ ಬಳಿದಿರುತ್ತಾರೆ. ಪರಿಚಯದವರದೆಂದು ಗೊತ್ತಾದರೆ ಆ ಕ್ಷಣವೇ ಮುಚ್ಚಿ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂಗೆ ಹಿಂತಿರುಗಿಸಬೇಕು.

ಮಂಗಳವಾರ ಬಂದ ಕಡತದಲ್ಲಿ ಗುಮಾಸ್ತರು ಒಂದನ್ನು ಅಳಿಸದೆ ಬಿಟ್ಟಿದ್ದರು. "ನನ್ನ ತಂಗಿ ಸೂಜಿಮೆಣಸು ನನ್ನ ಕೈಬಿಡೋಳಲ್ಲ." ಅದೂ ಒಬ್ಬಳ ಹೆಸರೆಂದು ಅವರಿಗೇನು ಗೊತ್ತು ಪಾಪ! ಈ ಭೂಮಿಯ ಮೇಲೆ ನನ್ನನ್ನು ಹಾಗೆ ಕರೆಯುವವನು ನೀನೊಬ್ಬನೇ. ಅಲ್ಲಿಗೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕೊನೆಯ ಪುಟದವರೆಗೂ ಓದಿ, ಆಮೇಲೆ ಮೇಡಂ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಚೆನ್ನಾಗಿ ಬೈದರು. ಕಡತವನ್ನು ಬೇರೆಯವರಿಗೆ ಕೊಟ್ಟರು, ನಾನು ಅಂಕ ಹಾಕಿಲ್ಲ. ಈ ಪತ್ರವನ್ನೂ ಅವರಿಗೆ ತಿಳಿಸಿಯೇ ಬರೆಯುತ್ತಿದ್ದೇನೆ.

"ಬರೀ ನೋಡಿದ್ದು, ಯಾರನ್ನೂ ಮುಟ್ಟಿಲ್ಲ" ಎಂದು ನೀನು ಮೂರು ಕಡೆ ಹೇಳಿದ್ದೀಯ. ಅಣ್ಣಾ, ಆ ಒಂದೊಂದು ಚಿತ್ರದಲ್ಲೂ ಒಂದು ಮಗು ಇತ್ತು. 'ಬರೀ' ಅನ್ನುವುದನ್ನು ಓದಿ ನನ್ನ ಮೈ ಉರಿದುಹೋಯಿತು. ನಮ್ಮ ಲೆಕ್ಕದಲ್ಲಿ ಇಂಥ ಕಡತದವರು ಹೆಚ್ಚಿನ ಪಾಲು ಮತ್ತೆ ಸಿಕ್ಕಿಬಿದ್ದಿಲ್ಲ, ನಿಜ. ಸಿಕ್ಕಿಬೀಳದವರೆಲ್ಲ ಮಾಡದವರೇ ಎಂದು ಮಾತ್ರ ನಾವ್ಯಾರೂ ಬರೆದುಕೊಡುವುದಿಲ್ಲ. ನೂರು ಜನರ ಬಗ್ಗೆ ಏನಾದರೂ ಹೇಳಬಲ್ಲೆ, ನಿನ್ನೊಬ್ಬನ ಬಗ್ಗೆ ಹೇಳಲಾರೆ. ಇಷ್ಟಾದರೂ ನಿನ್ನ ಮೇಲಿನ ಅಕ್ಕರೆ ಹೋಗುತ್ತಿಲ್ಲ, ಅದೇ ನನಗೆ ದೊಡ್ಡ ಕಷ್ಟ.

ಮುಲಾಮು ಹಚ್ಚಿಕೋ. ಅಲ್ಲಿಯ ಚಿಕಿತ್ಸೆಯ ತರಗತಿ ಒಂದನ್ನೂ ತಪ್ಪಿಸಬೇಡ. ನಮ್ಮ ಯಜಮಾನರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಮುಖ ತಿರುಗಿಸಿಕೊಂಡೇ ಹೇಳಿದರು, ಆದರೂ ಹೇಳಿದರು. ಆರೋಗ್ಯವಾಗಿರು.

ಇತಿ,
ನಿನ್ನ ತಂಗಿ

ಮರೆತ ಮಾತು: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತದ್ದೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು: ಬಿಡುಗಡೆಯ ನಂತರ ವಾಸಿಸುವ ಮನೆಯಲ್ಲಿ ಮಕ್ಕಳಿದ್ದಾರೆಯೇ? ನೀನು 'ಇಲ್ಲ' ಎಂದು ಬರೆಸಿದ್ದೀಯ. ಮರೆತಿರಬಹುದು ಎಂದುಕೊಳ್ಳಲು ನಾಲ್ಕು ದಿನ ಒದ್ದಾಡಿದೆ. ಆದರೆ ಪ್ರತಿ ಪತ್ರದಲ್ಲೂ ಅವಳು ಹೇಗಿದ್ದಾಳೆ ಎಂದು ಕೇಳುವವನು ನೀನು. ಒಪ್ಪಿಗೆ ಪತ್ರವನ್ನು ಸಹಿ ಹಾಕದೆ ಇದರ ಜೊತೆಗಿಟ್ಟಿದ್ದೇನೆ. ಈ ಮನೆಯಲ್ಲಿ ಎಂಟು ವರ್ಷದ ಮಗು ಇದೆ ಎಂದು ಅಲ್ಲಿಯ ಕಚೇರಿಗೂ ಬರೆದಿದ್ದೇನೆ. ಬಿಡುಗಡೆಯ ದಿನ ಗೇಟಿನ ಹತ್ತಿರ ಬರುತ್ತೇನೆ, ಒಬ್ಬಳೇ. ಮನೆಗೆ ಕರೆಯುವುದಿಲ್ಲ.