ಬೈಯೋದು ಬಿಡಬೇಡಿ ಅತ್ತೆ

ಮಾರ್ಚ್ 4, ಬೆಳಿಗ್ಗೆ

ಮೊದಲ ಟ್ರೇ ಬ್ರೆಡ್ ಪೂರ್ತಿ ಕರಕಲು. ಮಗನಿಗೆ ಓವನ್ ಮೇಲೆ ಗಮನವಿಲ್ಲ. ಬೇಕರಿ ಸ್ವಲ್ಪ ದಿನ ಮುಚ್ಚೋಣ ಅಂದ. ಮುಚ್ಚಿದರೆ ನಿನ್ನ ಹೆಂಡತಿಗೆ ವಾಸಿಯಾಗುತ್ತಾ ಅಂದೆ. ಅನ್ನಬಾರದಿತ್ತು.

ಸೊಸೆ ಮೇಲಿನ ಕೋಣೆಯಲ್ಲಿ. ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ. ಇನ್ನು ಯಾವ ಔಷಧಿಯೂ ನಾಟುವುದಿಲ್ಲವಂತೆ.

ಮುಖ ಒರೆಸಿದ ಒದ್ದೆ ಟವೆಲ್ ಮತ್ತೆ ಕುರ್ಚಿಯ ಮೇಲೆ. ಮದುವೆಯಾಗಿ ಬಂದ ದಿನದಿಂದ ಅವಳದು ಇದೇ ಚಾಳಿ. ಏನೂ ಅನ್ನದೆ ತೆಗೆದು ಒಣಹಾಕಿದೆ. ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 5

ಡಾಕ್ಟರಮ್ಮ ಮನೆಗೇ ಬಂದಿದ್ದರು. ಮುಚ್ಚುಮರೆಯಿಲ್ಲದೆ ಹೇಳಿದರು. ಉಸಿರು ಕಷ್ಟವಾದಾಗ ಎರಡು ದಾರಿ — ಐಸಿಯುನಲ್ಲಿ ವೆಂಟಿಲೇಟರ್, ಇಲ್ಲವೇ ಮನೆಯಲ್ಲೇ ಸಂಕಟ ತಗ್ಗಿಸುವ ಔಷಧಿ. ಮೆಷಿನ್ ಹಾಕಿದರೆ ಕೆಲವು ದಿನ ಹೆಚ್ಚು ಸಿಗಬಹುದು. ಮಾತು ಮಾತ್ರ ಇರುವುದಿಲ್ಲ.

"ಮಾತಿಲ್ವಾ? ಹಾಗಾದ್ರೆ ಬೇಡ. ಅತ್ತೆಗೆ ಎದುರುತ್ತರ ಯಾರು ಕೊಡ್ತಾರೆ?" ಅಂದಳು ಸೊಸೆ.

ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ.

"ನಿಮಗೆ ಎಚ್ಚರ ಇಲ್ಲದಾಗ ನಿಮ್ಮ ಪರ ಯಾರು ಹೇಳ್ಬೇಕು?" ಅಂತ ಅವಳನ್ನು ಕೇಳಿದರು.

ಮಗ ಒಂದು ಹೆಜ್ಜೆ ಮುಂದೆ ಬಂದ. ಅವಳು ನನ್ನ ಕಡೆ ಕೈ ತೋರಿಸಿದಳು. "ಇವರು."

ಮಗ ಕೆಳಗಿಳಿದು ಹೋದ.

ಅದೇ ದಿನ, ಸಂಜೆ

ಕೇಳಿಯೇಬಿಟ್ಟೆ. ನಾನೇ ಯಾಕೆ?

"ನಿಮ್ಮ ಮಗ ಕರಗಿಬಿಡ್ತಾರೆ ಅತ್ತೆ. ನಾನು ಕಣ್ಮುಚ್ಚಿದ್ರೆ ಸಾಕು, ಆಂಬ್ಯುಲೆನ್ಸ್ ಕರೀತಾರೆ. ನೀವು ಇಲ್ಲ ಅಂದ್ರೆ ಇಲ್ಲ. ಎಷ್ಟು ವರ್ಷ ಅನುಭವಿಸಿದೀನಿ!"

"ನನ್ನನ್ನೇನು ಕಲ್ಲು ಅಂದ್ಕೊಂಡಿದೀಯೇನೇ?"

"ಕಲ್ಲಾಗಿದ್ರೆ ಕೇಳ್ತಿರ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡಳು. "ನಿನ್ನೆ ಟವೆಲ್ ನೀವೇ ಎತ್ತಿ ಒಣಹಾಕಿದ್ರಿ. ಬೈಲಿಲ್ಲ. ಡಾಕ್ಟರು ಹೇಳಿದಾಗ್ಲೂ ನಂಗಷ್ಟು ಹೆದರಿಕೆ ಆಗಿರ್ಲಿಲ್ಲ... ಬೈಯೋದು ಬಿಡಬೇಡಿ ಅತ್ತೆ. ಎಲ್ರೂ ಪಿಸುಪಿಸು ಮಾತಾಡ್ತಾರೆ. ಈಗ್ಲೇ ಹೋಗ್ಬಿಟ್ಟೆ ಅನ್ಸುತ್ತೆ."

ಹಗಲೆಲ್ಲ ಲೈಟ್ ಉರೀತಿದೆಯಲ್ಲ, ಬಿಲ್ ನಿಮ್ಮಪ್ಪ ಕಟ್ತಾನಾ ಅಂದೆ.

ಕೆಮ್ಮು ಬರುವಷ್ಟು ನಕ್ಕಳು.

ಮಾರ್ಚ್ 14

ದಿನಾ ಬೈಯುತ್ತಿದ್ದೇನೆ. ತಲೆ ಬಾಚುವಾಗ, ಮಗ್ಗುಲು ತಿರುಗಿಸುವಾಗ. ಅವಳ ಎದುರುತ್ತರ ಈಗ ಹುಬ್ಬು ಏರಿಸುವುದರಲ್ಲೇ. ಬಿಸಿ ಬ್ರೆಡ್ಡಿನ ವಾಸನೆ ಮೇಲೆ ಬರಲೆಂದು ಮಗ ಕೋಣೆಯ ಬಾಗಿಲು ತೆರೆದಿಟ್ಟಿದ್ದಾನೆ. ಹಾಲಿನಲ್ಲಿ ನೆನೆಸಿದ ಒಂದು ಚೂರು ತಿಂದಳು. ಉಪ್ಪು ಕಡಿಮೆಯಂತೆ. ಕೊಬ್ಬು!

ಮಾರ್ಚ್ 19, ಸಂಜೆ

ಮಧ್ಯಾಹ್ನ ಉಸಿರು ಏರಿತು. ಕೂಗಿದರೂ ಕಣ್ಣು ಬಿಡಲಿಲ್ಲ. ಮಗ ಫೋನ್ ತೆಗೆದ.

"ಅಮ್ಮಾ, ಎರಡು ದಿನ ಸಿಕ್ಕಿದ್ರೂ ಸಾಕು. ಆಂಬ್ಯುಲೆನ್ಸ್ ಕರೀತೀನಿ."

"ಇಲ್ಲ."

"ನಿನಗೆ ಅವಳು ಯಾವತ್ತೂ ಬೇಕಾಗಿರ್ಲಿಲ್ಲ!"

ಕೇಳಿಸಿಕೊಂಡೆ. ನನಗೂ ಆ ಎರಡು ದಿನ ಬೇಕಿತ್ತು. ಹೇಳಲಿಲ್ಲ. ಕೈ ಚಾಚಿದೆ. ಚಾಚಿಕೊಂಡೇ ನಿಂತೆ. ಕೊನೆಗೆ ಫೋನ್ ಕೊಟ್ಟ. ಡಾಕ್ಟರಮ್ಮನನ್ನು ಕರೆದೆ.

ಅವರು ಬಂದು ಇಂಜೆಕ್ಷನ್ ಕೊಟ್ಟರು. ನಿಧಾನವಾಗಿ ಏದುಸಿರು ತಗ್ಗಿತು. ಅವಳ ಹಣೆಯ ಗಂಟು ಬಿಚ್ಚಿಕೊಂಡಿತು. ಅದನ್ನು ನೋಡಿ ಮಗ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತ. ಅವನ ಕೈಯೆಲ್ಲ ಮೈದಾಹಿಟ್ಟು, ನನ್ನ ಬಟ್ಟೆಯೂ ಹಾಳು. ಬೈಯಲಿಲ್ಲ. ಅವನಿಗೆ ಬೈಗುಳ ಬೇಕಿರಲಿಲ್ಲ.

ಮಾರ್ಚ್ 20, ಬೆಳಿಗ್ಗೆ

ಎಚ್ಚರವಿಲ್ಲ. ಆದರೆ ಕಿವಿ ಕೇಳಿಸುತ್ತಿರಬಹುದು ಅಂದಿದ್ದಾರೆ ಡಾಕ್ಟರಮ್ಮ. ಮಗ ಅವಳ ಕೈ ಹಿಡಿದು ಕೂತಿದ್ದಾನೆ.

ಬೈಯಲು ಏನಾದರೂ ಬೇಕಲ್ಲ. ಕೋಣೆ ಪೂರ್ತಿ ಅಚ್ಚುಕಟ್ಟು... ಟವೆಲ್ ಒದ್ದೆ ಮಾಡಿ ನಾನೇ ಕುರ್ಚಿಯ ಮೇಲೆ ಎಸೆದೆ.

"ಈ ಟವೆಲ್ ಇಲ್ಲಿ ಯಾರೇ ಹಾಕಿದ್ದು? ಎಷ್ಟು ಸಲ ಹೇಳ್ಬೇಕು ನಿಂಗೆ? ನಾಳೆಯಿಂದ—"

ನಾಳೆಯಿಂದ ಅಂದುಬಿಟ್ಟೆ.

ಅವಳ ಹುಬ್ಬು ಅಲುಗಿತು. ನಾನು ನೋಡಿದೆ. ಮಗನೂ ನೋಡಿದ.

ಕನ್ನಡಕ ಒರೆಸಿಕೊಳ್ಳಲು ಆಚೆ ಬಂದೆ. ಅವಳು ಬಾಗಿಲಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಡುತ್ತಿದ್ದುದರ ಬಗ್ಗೆ ಇನ್ನೂ ಬೈದಿಲ್ಲ. ಅದೊಂದು ಬಾಕಿ ಇದೆ. ಮಗ ಕರೆಯುತ್ತಿದ್ದಾನೆ —