ಆಲಿವ್ ತುಂಬಿ ಬಂದ ಬಟ್ಟಲು

ಮೈದಾನ್ ಹವಲ್ಲಿ, ಕುವೈತ್
ರಮಝಾನಿನ ಮೊದಲ ದಿನ, ೧೯೯೨

ಪ್ರೀತಿಯ ಉಮ್ಮ್ ಸಾಮೆರ್,

ನಿಮಗೆ ಕನ್ನಡ ಬರುವುದಿಲ್ಲ, ಅಮ್ಮಾನ್ ನಗರದ ನಿಮ್ಮ ವಿಳಾಸವೂ ನನ್ನಲ್ಲಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ಇಫ್ತಾರಿಗೆ ಮುಂಚೆ ಅಕ್ಕಿಯ ಪತ್ತಿರ್ ರೊಟ್ಟಿ ಸುಟ್ಟು, ನೀಲಿ ಹೂವಿನ ಬಟ್ಟಲಿಗೆ ಹಾಕಿ, ಹಳೇ ಅಭ್ಯಾಸದಲ್ಲಿ ನಿಮ್ಮ ಬಾಗಿಲು ತಟ್ಟಿದೆ. ಯಾರೋ ಈಜಿಪ್ಟಿನ ಹೆಂಗಸು ತೆರೆದಳು. "ಉಮ್ಮ್ ಸಾಮೆರ್ ಇಲ್ವಾ?" ಅಂತ ಕೇಳಿಬಿಟ್ಟೆ ನೋಡಿ! "ಅವರು ಯಾರೋ ನನಗೆ ಗೊತ್ತಿಲ್ಲ" ಎಂದಳು, ಪಾಪ. ಅವಳು ಹೇಳಿದ್ದು ನಿಜ.

ಇರಾಕಿಗಳಿದ್ದ ಏಳು ತಿಂಗಳು ಬೇಕರಿಯ ಸಾಲಿನಿಂದ ನಮ್ಮ ಇಂಡಿಯಾದವರನ್ನು ಹೊರಗೆ ದಬ್ಬುತ್ತಿದ್ದಾಗ, ನಿಮ್ಮ ಯಜಮಾನರು ನಮ್ಮ ಪಾಲಿನ ಖುಬ್ಬೂಸ್ ರೊಟ್ಟಿಗೂ ಸಾಲಲ್ಲಿ ನಿಂತರು. ನನ್ನ ಮಕ್ಕಳು ಒಂದು ದಿನವೂ ಹಸಿದು ಮಲಗಲಿಲ್ಲ. ಅಲ್ಲಾಹು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇರಾಕಿಗಳು ಹೋದ ಮೇಲೆ, ನೀವು ಪ್ಯಾಲೆಸ್ತೀನಿಯರೆಲ್ಲ ಅವರ ಕಡೆಯವರೇ ಎಂದು ಕುವೈತಿನ ಬಂದೂಕಿನವರು ಬಂದರಲ್ಲ, ನಿಮ್ಮ ಯಜಮಾನರನ್ನು ಮೆಟ್ಟಿಲಲ್ಲಿ ನಿಲ್ಲಿಸಿ "ಇವನು ಎಂಥವನು?" ಅಂತ ನನ್ನನ್ನು ಕೇಳಿದರು.

"ಅವರು ಯಾರೋ ನನಗೆ ಗೊತ್ತಿಲ್ಲ" ಅಂದೆ. ನೀವು ಬಾಗಿಲಲ್ಲೇ ಇದ್ದಿರಿ.

ಪುಣ್ಯಕ್ಕೆ ನಾಲ್ಕನೇ ದಿನ ಅವರನ್ನು ಬಿಟ್ಟರು. ನೀವೆಲ್ಲ ದೇಶ ಬಿಟ್ಟ ಬೆಳಿಗ್ಗೆ ನಾನು ಬಾಗಿಲು ತೆರೆಯಲಿಲ್ಲ. ಆಮೇಲೆ ನೋಡಿದರೆ ಹೊಸ್ತಿಲಲ್ಲಿ, ನಿಮ್ಮಲ್ಲೇ ಉಳಿದಿದ್ದ ನನ್ನ ಇದೇ ನೀಲಿ ಹೂವಿನ ಬಟ್ಟಲು. ನೆರೆಮನೆಯ ಬಟ್ಟಲನ್ನು ಖಾಲಿ ಮರಳಿಸಬಾರದು ಎನ್ನುವುದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ.

ಅದರ ತುಂಬ ಆಲಿವ್ ಇತ್ತು.

ನಿಮ್ಮ ಎದುರುಮನೆಯ
ಝುಹ್ರಾ